ಪಹಣಿಯಲ್ಲೊಂದು ಧರ್ಮದ ಕಾಲಂ: ಐರಿಷ್–ಇಂಗ್ಲಿಷ್ ಜಗಳದ ಬೇರು ಎಲ್ಲಿದೆ?

ನೆಟ್‌ಫ್ಲಿಕ್ಸ್‌ನಲ್ಲಿ ‘ಡೆರ್ರಿ ಗರ್ಲ್ಸ್’ ನೋಡಿದವರಿಗೆ ಆ ಕರಿಹಲಗೆಯ ದೃಶ್ಯ ನೆನಪಿರುತ್ತೆ. 1990ರ ದಶಕದ ಉತ್ತರ ಐರ್ಲೆಂಡ್. ಕ್ಯಾಥೊಲಿಕ್ ಶಾಲೆಯ ಹುಡುಗಿಯರನ್ನೂ ಪ್ರೊಟೆಸ್ಟಂಟ್ ಶಾಲೆಯ ಹುಡುಗರನ್ನೂ ಒಂದೇ ಕಡೆ ಕೂರಿಸಿ, ನಿಮ್ಮಿಬ್ಬರಲ್ಲಿ ಒಂದೇ ಥರ ಇರೋದು ಏನೇನು ಹೇಳಿ ಅಂತ ಪಾದ್ರಿಯೊಬ್ಬರು ಕೇಳ್ತಾರೆ. ಮಕ್ಕಳ ಬಾಯಲ್ಲಿ ಬರೋದೆಲ್ಲ ವ್ಯತ್ಯಾಸವೇ. ಯಾರು ಟೋಸ್ಟರನ್ನು ಎಲ್ಲಿಡ್ತಾರೆ ಅನ್ನೋವರೆಗೂ ಪಟ್ಟಿ ಬೆಳೆಯುತ್ತೆ, ‘ಒಂದೇ ಥರ’ ಅನ್ನೋ ಅರ್ಧ ಮಾತ್ರ ಖಾಲಿ. ಆ ಬೋರ್ಡು ಈಗ ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಮ್ಯೂಸಿಯಂಗೆ ಸೇರಿದೆ.

ಆ ಪಟ್ಟಿಯಲ್ಲಿ ದೇವರ ಬಗ್ಗೆ ಗಂಭೀರವಾದ ತಕರಾರು ಹುಡುಕಿದರೆ ಸಿಗೋದು ಕಡಿಮೆ. ಸುಮಾರು 30 ವರ್ಷ ನಡೆದ ಗಲಭೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರಲ್ಲಿ ಯಾರೂ ಪ್ರಸಾದದ ರೊಟ್ಟಿ ನಿಜವಾಗಿಯೂ ಕ್ರಿಸ್ತನ ದೇಹವಾಗುತ್ತದೋ ಇಲ್ಲವೋ ಅನ್ನೋ ವಾದಕ್ಕೆ ಸತ್ತವರಲ್ಲ. ಹಾಗಂತ ‘ಧರ್ಮ ಬರೀ ನೆಪ, ಎಲ್ಲ ರಾಜಕೀಯ’ ಅಂತ ತಳ್ಳಿಹಾಕಿದರೂ ಕಥೆ ಅರ್ಥವಾಗಲ್ಲ. ನಾನು ಓದಿದಷ್ಟರಲ್ಲಿ ನನಗೆ ಕಂಡಿದ್ದು ಇಷ್ಟು: ಐರ್ಲೆಂಡಿನಲ್ಲಿ ಧರ್ಮ ಅನ್ನೋದು ಪಹಣಿಯ ಒಂದು ಕಾಲಂ ಆಗಿತ್ತು. ಆ ಕಾಲಂನಲ್ಲಿ ಏನಿದೆ ಅನ್ನೋದರ ಮೇಲೆ ಜಮೀನು, ಓಟು, ಮನೆ, ಕೆಲಸ ಎಲ್ಲ ನಿಂತಿತ್ತು.

ಪೋಪ್ ಕೊಟ್ಟ ಪರವಾನಗಿ

ಮೊದಲ ಅಚ್ಚರಿ ಏನಂದ್ರೆ, ಜಗಳ ಶುರುವಾದಾಗ ಎರಡೂ ಕಡೆಯವರು ಕ್ಯಾಥೊಲಿಕ್ಕರೇ. ಇಂಗ್ಲೆಂಡಿನ ಕಡೆಯಿಂದ ನಾರ್ಮನ್ ಸರದಾರರು ಐರ್ಲೆಂಡಿಗೆ ಕಾಲಿಟ್ಟಿದ್ದು 1169ರಲ್ಲಿ. ಅದೂ ಲೆನ್‌ಸ್ಟರ್ ಅನ್ನೋ ಪ್ರಾಂತ್ಯದ ಪದಚ್ಯುತ ರಾಜ ಡರ್ಮಟ್ ಮ್ಯಾಕ್‌ಮರೋ ತಾನೇ ಕರೆದಿದ್ದಕ್ಕೆ. ಮನೆಯೊಳಗಿನ ಜಗಳಕ್ಕೆ ಹೊರಗಿನವನನ್ನು ಕರೆಯೋ ಕಥೆ ನಮಗೇನು ಹೊಸದಲ್ಲ ಬಿಡಿ. ಎರಡೇ ವರ್ಷದಲ್ಲಿ ದೊರೆ ಎರಡನೇ ಹೆನ್ರಿ ಖುದ್ದಾಗಿ ಬಂದ. ಅವನ ಕಡೆಯವರು ತೋರಿಸುತ್ತಿದ್ದ ಹಕ್ಕುಪತ್ರ ಯಾವುದು ಗೊತ್ತಾ? 1155ರಲ್ಲಿ ಪೋಪ್ ನಾಲ್ಕನೇ ಏಡ್ರಿಯನ್ ಕೊಟ್ಟನೆಂದು ಹೇಳುವ ಶಾಸನ. ಅಲ್ಲಿನ ಚರ್ಚನ್ನು ಸುಧಾರಿಸಲು ಐರ್ಲೆಂಡನ್ನು ಹಿಡಿಯಬಹುದು ಅಂತ ಒಪ್ಪಿಗೆ. ಆ ಏಡ್ರಿಯನ್ ಇಲ್ಲಿಯವರೆಗೆ ಪೋಪ್ ಆದ ಒಬ್ಬನೇ ಒಬ್ಬ ಇಂಗ್ಲಿಷಿನವನು. ಶಾಸನ ಅಸಲಿಯೋ ನಕಲಿಯೋ ಅಂತ ಪಂಡಿತರು ಇವತ್ತಿಗೂ ಕಿತ್ತಾಡ್ತಾರೆ. ಏನೇ ಇರಲಿ, ಐರ್ಲೆಂಡಿನ ಮೇಲೆ ಇಂಗ್ಲೆಂಡಿನ ಹಕ್ಕಿಗೆ ಮೊದಲು ಸಾಕ್ಷಿಯಾಗಿ ತೋರಿಸಿದ್ದು ರೋಮಿನ ಮುದ್ರೆಯನ್ನೇ.

ಆಮೇಲಿನ ಮುನ್ನೂರೈವತ್ತು ವರ್ಷ ಬಂದವರು ನಿಧಾನಕ್ಕೆ ಐರಿಷರೇ ಆಗುತ್ತಾ ಹೋದರು. ಅಲ್ಲಿನ ಹೆಣ್ಣು ತಂದರು, ಅಲ್ಲಿನ ಭಾಷೆ ಆಡಿದರು, ಹರ್ಲಿಂಗ್ ಆಡಿದರು. ಇದು ಎಷ್ಟು ಜೋರಾಯಿತೆಂದರೆ 1366ರಲ್ಲಿ ಕಿಲ್ಕೆನಿ ಎಂಬ ಊರಿನಲ್ಲಿ ಸೇರಿ ಕಾನೂನೇ ಮಾಡಬೇಕಾಯಿತು: ಇಂಗ್ಲಿಷ್ ಮೂಲದವರು ಐರಿಷರ ಜತೆ ಮದುವೆ ಮಾಡಿಕೊಳ್ಳಬಾರದು, ಅವರ ಭಾಷೆ ಆಡಬಾರದು, ಆ ಆಟವನ್ನೂ ಆಡಬಾರದು. ಕಾನೂನು ಯಾರೂ ಕೇಳಲಿಲ್ಲ. ಒಂದೇ ಚರ್ಚಿಗೆ ಹೋಗುವವರ ನಡುವೆ ಗೋಡೆ ಎಬ್ಬಿಸೋದು ಕಷ್ಟ.

ಗೋಡೆ ಎದ್ದಿದ್ದು 1530ರ ದಶಕದಲ್ಲಿ. ಎಂಟನೇ ಹೆನ್ರಿಯ ಮದುವೆಯ ತಾಪತ್ರಯ ಎಲ್ಲರಿಗೂ ಗೊತ್ತು. 1534ರಲ್ಲಿ ಅವನು ಪೋಪನನ್ನು ಬಿಟ್ಟು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ, ಎರಡು ವರ್ಷಕ್ಕೆ ಐರ್ಲೆಂಡಿನಲ್ಲೂ ಅದೇ ಕಾನೂನು ಬಂತು. ಇಂಗ್ಲೆಂಡಿನಲ್ಲಿ ಜನ ಕಾಲಕ್ರಮೇಣ ಬದಲಾದರು, ಐರ್ಲೆಂಡಿನಲ್ಲಿ ಆಗಲಿಲ್ಲ. ಕಾರಣ ಅರ್ಧ ಭಾಷೆಯದು. ಪ್ರೊಟೆಸ್ಟಂಟ್ ಧರ್ಮದ ಇಡೀ ಬಲವೇ ‘ನಿನ್ನ ಭಾಷೆಯಲ್ಲಿ ನೀನೇ ಬೈಬಲ್ ಓದು’ ಅನ್ನೋದು. ಆದರೆ ಐರಿಷ್ ಭಾಷೆಯಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿದ್ದು 1602ರ ಹೊತ್ತಿಗೆ, ಹಳೆ ಒಡಂಬಡಿಕೆ 1685ರಲ್ಲಿ! ಜನರ ಭಾಷೆ ಬಾರದ ಪಾದ್ರಿ, ಜನರ ಭಾಷೆಯಲ್ಲಿಲ್ಲದ ಪುಸ್ತಕ, ಜತೆಗೆ ತೆರಿಗೆ ಕೇಳೋ ಸರ್ಕಾರ. ಹೊಸ ಧರ್ಮ ಅಂದರೆ ಇಂಗ್ಲಿಷರ ಧರ್ಮ ಅಂತ ಜನ ತೀರ್ಮಾನಿಸಿದ್ದರಲ್ಲಿ ಏನಾಶ್ಚರ್ಯ? 1570ರಲ್ಲಿ ಪೋಪ್ ಐದನೇ ಪಯಸ್ ರಾಣಿ ಎಲಿಜಬೆತ್‌ಳನ್ನು ಬಹಿಷ್ಕರಿಸಿ, ಪ್ರಜೆಗಳು ಅವಳ ಮಾತು ಕೇಳಬೇಕಾಗಿಲ್ಲ ಅಂದುಬಿಟ್ಟ. ಅಲ್ಲಿಂದ ಮುಂದೆ ಲಂಡನ್ನಿನ ಕಣ್ಣಿಗೆ ಪ್ರತಿ ಕ್ಯಾಥೊಲಿಕನೂ ಅರ್ಧ ದೇಶದ್ರೋಹಿ.

ಇಲ್ಲೊಂದು ಸಣ್ಣ ಸಂಗತಿ. ಐರಿಷರ ಜಮೀನು ಕಿತ್ತು ಇಂಗ್ಲಿಷ್ ವಲಸಿಗರಿಗೆ ಹಂಚುವ ಯೋಜನೆಯನ್ನು ಮೊದಲ ಬಾರಿ ಸರ್ಕಾರದ ಮಟ್ಟದಲ್ಲಿ ದೊಡ್ಡದಾಗಿ ಶುರುಮಾಡಿದ್ದು ರಾಣಿ ಮೇರಿ, 1556ರ ಹೊತ್ತಿಗೆ. ಅವಳು ಅಪ್ಪಟ ಕ್ಯಾಥೊಲಿಕ್. ಪ್ರೊಟೆಸ್ಟಂಟರನ್ನು ಸುಟ್ಟವಳು. ಐರ್ಲೆಂಡಿನ ಕ್ಯಾಥೊಲಿಕರ ಹೊಲ ಕಿತ್ತುಕೊಳ್ಳುವಾಗ ಅವಳಿಗೆ ಧರ್ಮ ಅಡ್ಡ ಬರಲಿಲ್ಲ.

ಸರ್ವೆಯವರು ಬಂದರು

1609ರಲ್ಲಿ ಶುರುವಾದ ಅಲ್‌ಸ್ಟರ್ ವಸಾಹತು ಇದಕ್ಕಿಂತ ಎಷ್ಟೋ ದೊಡ್ಡದು. ಉತ್ತರದ ಐರಿಷ್ ಸರದಾರರು ಸೋತು 1607ರಲ್ಲಿ ಹಡಗು ಹತ್ತಿ ಯುರೋಪಿಗೆ ಹೋದ ಮೇಲೆ ಆರು ಕೌಂಟಿಗಳ ಜಮೀನು ದೊರೆಯ ವಶವಾಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ದೊಡ್ಡ ಹಿಡುವಳಿ ಪಡೆದು ಬಂದವರಿಗೆ ಷರತ್ತು ಸ್ಪಷ್ಟ: ನೀವು ಪ್ರೊಟೆಸ್ಟಂಟ್ ಆಗಿರಬೇಕು, ಐರಿಷರನ್ನು ಗೇಣಿಗೆ ಇಟ್ಟುಕೊಳ್ಳಬಾರದು. ಲಂಡನ್ನಿನ ವ್ಯಾಪಾರಿ ಸಂಘಗಳು ದುಡ್ಡು ಹಾಕಿದ್ದಕ್ಕೆ ಡೆರ್ರಿ ಊರಿನ ಹೆಸರು ಲಂಡನ್‌ಡೆರ್ರಿ ಆಯಿತು. ಇವತ್ತಿಗೂ ಆ ಊರನ್ನು ಯಾವ ಹೆಸರಿಂದ ಕರೀತೀರಿ ಅನ್ನೋದರ ಮೇಲೆ ನೀವು ಯಾರ ಕಡೆ ಅಂತ ಲೆಕ್ಕ ಹಾಕ್ತಾರೆ. ಐರಿಷರನ್ನು ಗೇಣಿಗೆ ಇಡಬಾರದು ಅನ್ನೋ ನಿಯಮ ಪೂರ್ತಿ ಪಾಲನೆಯಾಗಲಿಲ್ಲ, ದುಡಿಯೋಕೆ ಜನ ಬೇಕಲ್ಲ. ಹಾಗಾಗಿ ಹೊಲ ಕಳೆದುಕೊಂಡವನು ಅದೇ ಹೊಲದ ಪಕ್ಕದಲ್ಲೇ, ಪಡೆದವನನ್ನು ದಿನಾ ನೋಡುತ್ತಾ ಬದುಕಬೇಕಾಯಿತು.

ಅದು ಸಿಡಿದಿದ್ದು 1641ರಲ್ಲಿ. ದಂಗೆಯಲ್ಲಿ ಸಾವಿರಾರು ಪ್ರೊಟೆಸ್ಟಂಟ್ ವಲಸಿಗರು ಸತ್ತರು. ಪೋರ್ಟ್‌ಡೌನ್ ಸೇತುವೆಯಿಂದ ಸುಮಾರು ನೂರು ಜನರನ್ನು ಹೊಳೆಗೆ ತಳ್ಳಿದ್ದು ಇಂದಿಗೂ ಆ ಸಮುದಾಯದ ನೆನಪಿನಲ್ಲಿದೆ. ಬದುಕುಳಿದವರ ಸಾವಿರಾರು ಹೇಳಿಕೆಗಳು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿವೆ, ಆನ್‌ಲೈನಿನಲ್ಲೂ ಓದಬಹುದು. ಆದರೆ ಲಂಡನ್ನಿನ ಕರಪತ್ರಗಳು ಆ ಸಂಖ್ಯೆಯನ್ನು ಲಕ್ಷಗಳಿಗೆ ಏರಿಸಿದವು. ಐರ್ಲೆಂಡಿನಲ್ಲಿದ್ದ ಒಟ್ಟು ಪ್ರೊಟೆಸ್ಟಂಟರಿಗಿಂತ ಹೆಚ್ಚು ಜನ ಸತ್ತರಂತೆ! ಆಗ ವಾಟ್ಸಾಪ್ ಇರಲಿಲ್ಲ, ಫಾರ್ವರ್ಡ್ ಇತ್ತು.

1649ರಲ್ಲಿ ಆಲಿವರ್ ಕ್ರಾಮ್‌ವೆಲ್ ಇಳಿದಾಗ ಅವನ ತಲೆಯಲ್ಲಿದ್ದಿದ್ದು ಆ ಕರಪತ್ರದ ಲೆಕ್ಕವೇ. ಡ್ರಾಹಿಡಾ ಊರಿನಲ್ಲಿ ಮೂರು ಸಾವಿರದಷ್ಟು ಜನರನ್ನು ಕೊಂದು, ಇದು 1641ಕ್ಕೆ ದೇವರು ಕೊಟ್ಟ ನ್ಯಾಯ ಅನ್ನೋ ಅರ್ಥದಲ್ಲಿ ಪತ್ರ ಬರೆದ. ಸತ್ತವರಲ್ಲಿ 1641ರ ದಂಗೆಗೆ ಸಂಬಂಧವೇ ಇಲ್ಲದವರು, ರಾಜನ ಪರವಾಗಿದ್ದ ಇಂಗ್ಲಿಷ್ ಸೈನಿಕರೂ ಇದ್ದರು. ಕೋಟೆಯ ದಳಪತಿಯೇ ಒಬ್ಬ ಇಂಗ್ಲಿಷಿನವನು.

ಹತ್ಯಾಕಾಂಡಕ್ಕಿಂತ ಹೆಚ್ಚು ಬಾಳಿದ್ದು ಆಮೇಲೆ ಬಂದ ಕಾಗದ. 1650ರ ದಶಕದಲ್ಲಿ ವಿಲಿಯಂ ಪೆಟಿ ಎಂಬ ವೈದ್ಯ ಸೈನಿಕರನ್ನೇ ಸರ್ವೆಯವರನ್ನಾಗಿ ಮಾಡಿಕೊಂಡು ಐರ್ಲೆಂಡಿನ ಬಹುಭಾಗ ಅಳೆಸಿದ. ‘ಡೌನ್ ಸರ್ವೆ’ ಅಂತ ಹೆಸರು. ಜತೆಗೆ ತಯಾರಾದ ಭೂದಾಖಲೆಗಳಲ್ಲಿ 1641ರಲ್ಲಿ ಜಮೀನು ಯಾರ ಹೆಸರಲ್ಲಿತ್ತು, ಈಗ ಯಾರಿಗೆ ಹೋಯಿತು ಅಂತ ಇದೆ. ಹಳೆಯ ಒಡೆಯನ ಹೆಸರಿನ ಪಕ್ಕದಲ್ಲಿ ಅವನು ಕ್ಯಾಥೊಲಿಕ್ಕೋ ಪ್ರೊಟೆಸ್ಟಂಟೋ ಅನ್ನೋ ಗುರುತೂ ಇದೆ. ನಾನು ಪಹಣಿ ಅಂದಿದ್ದು ಬರೀ ಅಲಂಕಾರಕ್ಕಲ್ಲ. ನಾವು ಡೇಟಾಬೇಸ್‌ನಲ್ಲಿ ಒಂದು ಫೀಲ್ಡ್ ಸೇರಿಸಿದ ಮೇಲೆ ಎಲ್ಲ ಕೋಡೂ ಅದನ್ನೇ ನೆಚ್ಚಿಕೊಂಡು ಕೂರುತ್ತಲ್ಲ, ಹಾಗೆ. 1641ರಲ್ಲಿ ಕ್ಯಾಥೊಲಿಕರ ಕೈಲಿದ್ದ ಜಮೀನು ಸುಮಾರು ಶೇ. 60. 1688ಕ್ಕೆ ಶೇ. 22. 1703ರ ಹೊತ್ತಿಗೆ ಶೇ. 14. ಜನಸಂಖ್ಯೆಯಲ್ಲಿ ಅವರು ಮುಕ್ಕಾಲು ಪಾಲು.

22ರಿಂದ 14ಕ್ಕೆ ಇಳಿದಿದ್ದು ಇನ್ನೊಂದು ಯುದ್ಧದಿಂದ. ಪದಚ್ಯುತ ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್‌ನನ್ನು ಪ್ರೊಟೆಸ್ಟಂಟ್ ವಿಲಿಯಂ 1690ರಲ್ಲಿ ಬಾಯ್ನ್ ನದಿಯ ದಂಡೆಯಲ್ಲಿ ಸೋಲಿಸಿದ. ಪ್ರತಿ ಜುಲೈ 12ರಂದು ಉತ್ತರ ಐರ್ಲೆಂಡಿನಲ್ಲಿ ಕಿತ್ತಳೆ ಪಟ್ಟಿ ತೊಟ್ಟು ಡೋಲು ಬಡಿಯುತ್ತಾ ಮೆರವಣಿಗೆ ಹೊರಡೋದು ಇದರ ನೆನಪಿಗೆ. ವಿಲಿಯಂನ ಮಿತ್ರಕೂಟದಲ್ಲಿ ಕ್ಯಾಥೊಲಿಕ್ ಸ್ಪೇನೂ ಕ್ಯಾಥೊಲಿಕ್ ಆಸ್ಟ್ರಿಯಾದ ಚಕ್ರವರ್ತಿಯೂ ಇದ್ದರು ಅನ್ನೋದನ್ನು ಆ ಮೆರವಣಿಗೆಯಲ್ಲಿ ಯಾರೂ ಕೂಗಿ ಹೇಳಲ್ಲ.

ಅಣ್ಣ ಮತ ಬದಲಿಸಿದರೆ ಇಡೀ ಆಸ್ತಿ

1695ರಿಂದ ಬಂದ ದಂಡನಾ ಕಾನೂನುಗಳನ್ನು ಓದುವಾಗ ನನಗೆ ಬೆರಗಾಗಿದ್ದು ಅವುಗಳ ಕ್ರೌರ್ಯಕ್ಕಿಂತ ಅವುಗಳ ಡಿಸೈನು. ಕ್ಯಾಥೊಲಿಕನ ಹತ್ತಿರ ಐದು ಪೌಂಡ್‌ಗಿಂತ ಬೆಲೆಬಾಳುವ ಕುದುರೆ ಇರಬಾರದು. ಇದ್ದರೆ ಯಾವ ಪ್ರೊಟೆಸ್ಟಂಟ್ ಬೇಕಾದರೂ ಐದು ಪೌಂಡ್ ಐದು ಶಿಲ್ಲಿಂಗ್ ಮುಂದೆ ಹಿಡಿದು ಅದನ್ನು ಹೊಡೆದುಕೊಂಡು ಹೋಗಬಹುದು. ಕೋವಿ ಇಲ್ಲ. ಮಕ್ಕಳನ್ನು ಓದಲು ಹೊರದೇಶಕ್ಕೆ ಕಳಿಸುವಂತಿಲ್ಲ.

ಎಲ್ಲಕ್ಕಿಂತ ನಾಜೂಕಿನ ಕಾನೂನು 1704ರದು. ಕ್ಯಾಥೊಲಿಕ್ ಜಮೀನ್ದಾರ ಸತ್ತರೆ ಆಸ್ತಿ ಎಲ್ಲ ಗಂಡುಮಕ್ಕಳಿಗೂ ಸಮ ಪಾಲು. ಕೇಳೋಕೆ ನ್ಯಾಯವೇ ಅನ್ನಿಸುತ್ತೆ. ಆದರೆ ಇಂಗ್ಲಿಷ್ ಪದ್ಧತಿಯಲ್ಲಿ ಹಿರಿಯ ಮಗನಿಗೆ ಎಲ್ಲ ಹೋಗಿ ಮನೆತನ ಉಳಿಯುತ್ತಿತ್ತು. ಇಲ್ಲಿ ಮೂರು ತಲೆಮಾರಿಗೆ ಐನೂರು ಎಕರೆ ತುಂಡುತುಂಡಾಗಿ ಕರಗಿಹೋಗಬೇಕು ಅನ್ನೋದೇ ಉದ್ದೇಶ. ಪಾಲು ಪಾರಿಖತ್ತು ನೋಡಿದ ನಮ್ಮ ಊರುಗಳ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೊಂದು ಬಾಗಿಲು ಮಾತ್ರ ಇಟ್ಟಿದ್ದರು: ಹಿರಿಯ ಮಗ ಸರ್ಕಾರಿ ಚರ್ಚಿಗೆ ಸೇರಿದರೆ ಇಡೀ ಆಸ್ತಿ ಅವನಿಗೆ. ಅಪ್ಪ ಬದುಕಿದ್ದಾಗಲೇ ಅವನು ಮತ ಬದಲಿಸಿದರೆ, ಅಪ್ಪ ತನ್ನ ಜಮೀನನ್ನೇ ಮಾರುವ ಹಕ್ಕು ಕಳೆದುಕೊಂಡು ಬರೀ ಅನುಭೋಗದಾರನಾಗಿ ಉಳಿಯಬೇಕು. ಅಂದರೆ ಸರ್ಕಾರ ಜಗಳವನ್ನು ತಂದು ಅಡುಗೆಮನೆಯಲ್ಲೇ ಕೂರಿಸಿತು.

ಕ್ಯಾಥೊಲಿಕರು ಜಮೀನು ಕೊಳ್ಳುವಂತಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಪಡೆಯುವಂತಿಲ್ಲ. 1709ರಲ್ಲಿ ಇನ್ನೊಂದು ಸೇರಿಸಿದರು: ಹೀಗೆ ಕದ್ದು ಜಮೀನು ಮಾಡಿಕೊಂಡವನನ್ನು ಹಿಡಿದುಕೊಟ್ಟ ಪ್ರೊಟೆಸ್ಟಂಟನಿಗೆ ಅದೇ ಜಮೀನು ಬಹುಮಾನ. ಜನ ಬಿಡ್ತಾರಾ? ನಂಬಿಕಸ್ಥ ಪ್ರೊಟೆಸ್ಟಂಟ್ ಗೆಳೆಯನ ಕೈಯಲ್ಲೇ ತಮ್ಮ ಮೇಲೆ ದೂರು ಹಾಕಿಸಿ, ಜಮೀನು ಅವನ ಹೆಸರಿಗೆ ಹೋಗುವಂತೆ ಮಾಡಿ, ಉಳುಮೆ ತಾವೇ ಮುಂದುವರಿಸಿದರು. ನಮ್ಮ ಭಾಷೆಯಲ್ಲಿ ಬೇನಾಮಿ. ಕೆಟ್ಟ ಕಾನೂನಿನ ಕಾಲದಲ್ಲೂ ಅಕ್ಕಪಕ್ಕದ ಪ್ರೊಟೆಸ್ಟಂಟನೊಬ್ಬ ಆ ನಂಬಿಕೆ ಉಳಿಸಿಕೊಂಡ ಉದಾಹರಣೆಗಳಿವೆ. ಮೆರವಣಿಗೆಯ ಇತಿಹಾಸದಲ್ಲಿ ಎರಡೂ ಕಡೆಯವರು ಇದನ್ನು ಹೇಳಲ್ಲ, ಹೇಳಬೇಕಿತ್ತು ಅಂತ ನನಗನ್ನಿಸುತ್ತೆ.

1728ರಲ್ಲಿ ಓಟೂ ಹೋಯಿತು. ಇಷ್ಟೆಲ್ಲ ಮಾಡಿ ಎಷ್ಟು ಜನ ಮತ ಬದಲಿಸಿದರು? 1703ರಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಇಟ್ಟ ದಾಖಲೆ ಪುಸ್ತಕಗಳಲ್ಲಿರೋದು ಐದಾರು ಸಾವಿರ ಹೆಸರು ಮಾತ್ರ, ಅದರಲ್ಲೂ ಆಸ್ತಿವಂತರು, ವಕೀಲರೇ ಹೆಚ್ಚು. ಬಡವರನ್ನು ಮತಾಂತರಿಸೋಕೆ ಸರ್ಕಾರ ನಿಜವಾಗಿ ಕೈಹಾಕಲೇ ಇಲ್ಲ. ಎಲ್ಲರೂ ಪ್ರೊಟೆಸ್ಟಂಟ್ ಆಗಿಬಿಟ್ಟರೆ ಜಮೀನು, ಹುದ್ದೆ ಎಲ್ಲ ಹಂಚಿಕೊಳ್ಳಬೇಕಾಗುತ್ತಿತ್ತಲ್ಲ! ಸ್ಕಾಟ್ಲೆಂಡಿನಿಂದ ಬಂದ ಪ್ರೆಸ್ಬಿಟೇರಿಯನ್ನರೂ ಪ್ರೊಟೆಸ್ಟಂಟರೇ ಆದರೂ ಸರ್ಕಾರಿ ಚರ್ಚಿನವರಲ್ಲ ಅಂತ ಅವರಿಗೂ ಹುದ್ದೆ ಇಲ್ಲ. ಈ ಸಿಟ್ಟಿಗೇ 1791ರಲ್ಲಿ ಬೆಲ್‌ಫಾಸ್ಟ್‌ನ ಪ್ರೆಸ್ಬಿಟೇರಿಯನ್ನರು ಕ್ಯಾಥೊಲಿಕರ ಜತೆ ಕೈಜೋಡಿಸಿ ‘ಯುನೈಟೆಡ್ ಐರಿಷ್‌ಮೆನ್’ ಕಟ್ಟಿದರು, 1798ರಲ್ಲಿ ದಂಗೆ ಎದ್ದರು. ಐರಿಷ್ ರಾಷ್ಟ್ರೀಯತೆಯ ಮೊದಲ ದೊಡ್ಡ ನಾಯಕ ಉಲ್ಫ್ ಟೋನ್ ಪ್ರೊಟೆಸ್ಟಂಟ್.

ಶ್ರೀರಂಗಪಟ್ಟಣದಿಂದ ಡಬ್ಲಿನ್‌ಗೆ

ಆ ದಂಗೆ ಅಡಗಿಸಲು ಲಂಡನ್ ಕಳಿಸಿದ್ದು ಯಾರನ್ನು ಅಂದುಕೊಂಡಿರಿ? ಲಾರ್ಡ್ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ ಅದೇ ಕಾರ್ನ್‌ವಾಲಿಸ್. ದಂಗೆ ಮುರಿದ, ಐರ್ಲೆಂಡಿನ ಸಂಸತ್ತನ್ನು ಮುಚ್ಚಿಸಿ 1801ರಲ್ಲಿ ಬ್ರಿಟನ್ನಿಗೆ ಸೇರಿಸುವ ಕೆಲಸವನ್ನೂ ಮಾಡಿದ. ಜತೆಗೆ ಕ್ಯಾಥೊಲಿಕರಿಗೆ ಸಂಸತ್ತಿನಲ್ಲಿ ಕೂರುವ ಹಕ್ಕು ಕೊಡಬೇಕು ಅಂತಲೂ ವಾದಿಸಿದ. ದೊರೆ ಮೂರನೇ ಜಾರ್ಜ್ ಒಪ್ಪಲಿಲ್ಲ. ಪ್ರೊಟೆಸ್ಟಂಟ್ ಧರ್ಮ ಕಾಯುತ್ತೇನೆಂದು ಪಟ್ಟಾಭಿಷೇಕದಲ್ಲಿ ಪ್ರಮಾಣ ಮಾಡಿದ್ದೇನೆ ಅಂದ. ಕಾರ್ನ್‌ವಾಲಿಸ್ ರಾಜೀನಾಮೆ ಕೊಟ್ಟ.

ಆ ಹಕ್ಕು ಬಂದಿದ್ದು 28 ವರ್ಷ ತಡವಾಗಿ, ಅದೂ ಶ್ರೀರಂಗಪಟ್ಟಣದ ಇನ್ನೊಬ್ಬನ ಕೈಯಿಂದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಲ್ಲಿ ಗವರ್ನರ್ ಆಗಿದ್ದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಡಬ್ಲಿನ್ನಿನ ಪ್ರೊಟೆಸ್ಟಂಟ್ ಜಮೀನ್ದಾರಿ ಮನೆತನದಲ್ಲಿ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1828ರಲ್ಲಿ ಪ್ರಧಾನಿಯಾದ. ಅದೇ ವರ್ಷ ಡೇನಿಯಲ್ ಒ’ಕಾನೆಲ್ ಎಂಬ ಕ್ಯಾಥೊಲಿಕ್ ವಕೀಲ ಕ್ಲೇರ್ ಉಪಚುನಾವಣೆ ಗೆದ್ದ, ಆದರೆ ಕ್ಯಾಥೊಲಿಕ್ ಆದ್ದರಿಂದ ಸಂಸತ್ತಿನೊಳಗೆ ಕಾಲಿಡುವಂತಿಲ್ಲ. ಒಪ್ಪದಿದ್ದರೆ ಅಂತರ್ಯುದ್ಧ ಅಂತ ವೆಲ್ಲಿಂಗ್ಟನ್ ಅರ್ಥಮಾಡಿಕೊಂಡ. 1829ರಲ್ಲಿ ಮಸೂದೆ ತಂದ, ಅದಕ್ಕಾಗಿ ತನ್ನನ್ನು ಹೀಯಾಳಿಸಿದ ಇನ್ನೊಬ್ಬ ಪ್ರಭುವಿನ ಜತೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೂ ನಿಂತ. ಪ್ರಧಾನಮಂತ್ರಿ! ಆದರೆ ಅದೇ ಕೈಯಲ್ಲಿ ಐರ್ಲೆಂಡಿನ ಸಣ್ಣ ಹಿಡುವಳಿದಾರರ ಓಟು ಕಿತ್ತುಕೊಂಡರು. ಎರಡು ಲಕ್ಷಕ್ಕೂ ಮೇಲಿದ್ದ ಮತದಾರರು ಸುಮಾರು 37,000ಕ್ಕೆ ಇಳಿದರು. ಒಂದು ಕಾಲಂ ಅಳಿಸಿ ಇನ್ನೊಂದು ಸೇರಿಸಿದ ಹಾಗೆ.

ಈ ನೂರೈವತ್ತು ವರ್ಷದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಹೊಲ ಹೋಯಿತು, ಭಾಷೆ ಹೋಗುತ್ತಿತ್ತು, 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಐರಿಷರಿಗೆ ಇದು ನಮ್ಮದು ಅಂತ ಹಿಡಿದುಕೊಳ್ಳಲು ಉಳಿದಿದ್ದು ಚರ್ಚು ಒಂದೇ. ಕ್ಯಾಥೊಲಿಕ್ ಅಂದರೆ ಐರಿಷ್, ಐರಿಷ್ ಅಂದರೆ ಕ್ಯಾಥೊಲಿಕ್ ಅನ್ನೋದು ಪಕ್ಕಾ ಆಯಿತು. ಸ್ವಯಮಾಡಳಿತ ಕೇಳಿದಾಗ ಉತ್ತರದ ಪ್ರೊಟೆಸ್ಟಂಟರು ‘ಇದು ರೋಮಿನ ಆಡಳಿತ’ ಅಂತ ಹೆದರಿ, 1912ರಲ್ಲಿ ಹತ್ತಿರಹತ್ತಿರ ಐದು ಲಕ್ಷ ಜನ ಪ್ರತಿಜ್ಞಾಪತ್ರಗಳಿಗೆ ಸಹಿ ಹಾಕಿದರು. ಆ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. 1921ರಲ್ಲಿ ದೇಶ ಒಡೆದ ಮೇಲೆ ದಕ್ಷಿಣದ ಐರ್ಲೆಂಡ್ ವಿಚ್ಛೇದನ ನಿಷೇಧಿಸಿತು, ಸಂವಿಧಾನದಲ್ಲೇ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನ ಬರೆಯಿತು, 1983ರಲ್ಲಿ ಗರ್ಭಪಾತ ನಿಷೇಧವನ್ನೂ ಸಂವಿಧಾನಕ್ಕೆ ಸೇರಿಸಿತು.

ಆ ಕೊನೆಯದು ನಮ್ಮ ಬೆಳಗಾವಿಯ ಮನೆಯೊಂದರ ಬಾಗಿಲಿಗೂ ಬಂತು. 2012ರ ಅಕ್ಟೋಬರ್ 28ರಂದು ಗಾಲ್‌ವೇ ಊರಿನಲ್ಲಿ ದಂತವೈದ್ಯೆ ಸವಿತಾ ಹಾಲಪ್ಪನವರ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ಗರ್ಭಪಾತ ಮಾಡಿ ಅಂತ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರೋವರೆಗೆ ಆಗಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅಂತ ಅವರಿಗೆ ಹೇಳಿದ್ದು ನಿಜ, ನೋಯಿಸಲು ಹೇಳಿದ್ದಲ್ಲ ಅಂತ ಅಲ್ಲಿನ ದಾದಿಯೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜನ್ನು ಸಮಯಕ್ಕೆ ಗುರುತಿಸದ ಲೋಪವನ್ನೂ ತನಿಖೆ ಎತ್ತಿ ತೋರಿಸಿತು. ಇಂಗ್ಲಿಷರು ಕಿತ್ತುಕೊಂಡಷ್ಟೂ ಗಟ್ಟಿಯಾಗಿ ಹಿಡಿದಿದ್ದ ಧರ್ಮ, ಅಧಿಕಾರ ಕೈಗೆ ಬಂದಾಗ ಇನ್ನೊಬ್ಬರ ಮನೆಮಗಳಿಗೆ ಕಾನೂನಾಗಿ ಎದುರು ನಿಂತಿತು. 2018ರ ಜನಮತದಲ್ಲಿ ಶೇ. 66.4 ಐರಿಷರು ಆ ವಿಧಿಯನ್ನು ತೆಗೆದುಹಾಕಿದರು. ಪ್ರಚಾರದ ಉದ್ದಕ್ಕೂ ಸವಿತಾ ಅವರ ಚಿತ್ರ ಬೀದಿಗಳಲ್ಲಿತ್ತು.

ಉತ್ತರದಲ್ಲಿ ನಡೆದಿದ್ದು ಇದರ ಕನ್ನಡಿ ಬಿಂಬ. ಅಲ್ಲಿ ಪ್ರೊಟೆಸ್ಟಂಟ್ ಬಹುಮತದ ಸರ್ಕಾರ. ಸ್ಥಳೀಯ ಚುನಾವಣೆಯಲ್ಲಿ ಮನೆ ತೆರಿಗೆ ಕಟ್ಟುವವರಿಗೆ, ಅವರ ಸಂಗಾತಿಗೆ ಮಾತ್ರ ಓಟು. ಬಾಡಿಗೆ ಕೋಣೆಯಲ್ಲಿದ್ದವರಿಗೆ, ಅಪ್ಪನ ಮನೆಯಲ್ಲಿದ್ದ ವಯಸ್ಕ ಮಕ್ಕಳಿಗೆ ಇಲ್ಲ. ಹಾಗಾದರೆ ಕೌನ್ಸಿಲ್ ಯಾರಿಗೆ ಮನೆ ಕೊಡುತ್ತೋ ಅವರಿಗೇ ಓಟು! 1968ರ ಜೂನ್‌ನಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳನ್ನು ಬಿಟ್ಟು 19 ವರ್ಷದ ಒಂಟಿ ಪ್ರೊಟೆಸ್ಟಂಟ್ ಯುವತಿಗೆ ಕೌನ್ಸಿಲ್ ಮನೆ ಸಿಕ್ಕಿತು. ಆಸ್ಟಿನ್ ಕರ್ರಿ ಎಂಬ ಶಾಸಕ ಆ ಮನೆಯೊಳಗೆ ಹೋಗಿ ಕೂತ. ನಾಗರಿಕ ಹಕ್ಕಿನ ಮೆರವಣಿಗೆಗಳು, ಲಾಠಿ, ಗುಂಡು, ಬಾಂಬು ಎಲ್ಲ ಅದರ ಬೆನ್ನಿಗೇ ಬಂದವು. 1998ರ ಶುಭ ಶುಕ್ರವಾರದ ಒಪ್ಪಂದದವರೆಗೆ.

ಈಗ ಅಲ್ಲಿ ಹನ್ನೊಂದಕ್ಕಿಂತ ಕಡಿಮೆ ಇಲ್ಲದಷ್ಟು ನೌಕರರಿರುವ ಪ್ರತಿ ಕಂಪನಿಯೂ ತನ್ನಲ್ಲಿ ಎಷ್ಟು ಪ್ರೊಟೆಸ್ಟಂಟ್, ಎಷ್ಟು ಕ್ಯಾಥೊಲಿಕ್ ಅಂತ ಲೆಕ್ಕ ಕೊಡಬೇಕು. ಈ ಸಲ ತಾರತಮ್ಯ ತಡೆಯಲಿಕ್ಕೆ. ಕೆಲಸಕ್ಕೆ ಅರ್ಜಿ ಹಾಕಿದರೆ ಒಂದು ಫಾರ್ಮು ಬರುತ್ತೆ: ನೀವು ಪ್ರೊಟೆಸ್ಟಂಟ್ ಸಮುದಾಯದವರೋ, ಕ್ಯಾಥೊಲಿಕ್ ಸಮುದಾಯದವರೋ, ಎರಡೂ ಅಲ್ಲವೋ? ನಂಬುತ್ತೀರಾ ಅಂತ ಕೇಳಲ್ಲ. ಉತ್ತರ ಖಾಲಿ ಬಿಟ್ಟರೆ, ಓದಿದ ಪ್ರಾಥಮಿಕ ಶಾಲೆ ನೋಡಿ ಕಂಪನಿಯೇ ತುಂಬಿಕೊಳ್ಳಬಹುದು. ನಮ್ಮಲ್ಲಿ ಅಡ್ಡಹೆಸರು, ಊರು ಕೇಳಿ ಒಳಗೊಳಗೇ ಲೆಕ್ಕ ಹಾಕೋದನ್ನು ಅಲ್ಲಿ ಕಾನೂನುಬದ್ಧವಾಗಿ ಮಾಡ್ತಾರೆ ಅನ್ನಿ. ಶಾಲೆ ನೋಡಿದರೆ ಸಾಕಾಗುತ್ತೆ ಯಾಕಂದ್ರೆ ಇವತ್ತಿಗೂ ಎರಡೂ ಕಡೆಯ ಮಕ್ಕಳು ಬಹುಪಾಲು ಬೇರೆಬೇರೆ ಶಾಲೆಗೇ ಹೋಗ್ತಾರೆ. ಇಬ್ಬರನ್ನೂ ಒಟ್ಟಿಗೆ ಓದಿಸುವ ಮೊದಲ ಶಾಲೆ ಲಗಾನ್ ಕಾಲೇಜು 1981ರಲ್ಲಿ 28 ಮಕ್ಕಳಿಂದ ಶುರುವಾಯಿತು, ಅಂಥ ಶಾಲೆಗಳಲ್ಲಿ ಈಗಲೂ ಇರೋದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಕ್ಕಳು.

ಬೆಲ್‌ಫಾಸ್ಟ್‌ನಲ್ಲಿ ಹಳೆಯದೊಂದು ಜೋಕಿದೆ. ಒಬ್ಬನನ್ನು ಅಡ್ಡಗಟ್ಟಿ ನೀನು ಯಾರ ಕಡೆ ಅಂತ ಕೇಳಿದರಂತೆ. ನಾನು ಯಹೂದಿ ಅಂದನಂತೆ. ಸರಿ, ಕ್ಯಾಥೊಲಿಕ್ ಯಹೂದಿಯೋ ಪ್ರೊಟೆಸ್ಟಂಟ್ ಯಹೂದಿಯೋ ಹೇಳು ಅಂದರಂತೆ. ಹಾಸನದ ಕಾನ್ವೆಂಟಿನಲ್ಲಿ ಓದಿದ ನಮ್ಮ ಹುಡುಗ ಅಲ್ಲಿ ಕೆಲಸಕ್ಕೆ ಹೋಗಿ ಆ ಫಾರ್ಮು ಖಾಲಿ ಬಿಟ್ಟರೆ ಎಚ್‌ಆರ್‌ನವರು ಏನು ಬರ್ಕೋತಾರೋ ನೋಡಬೇಕು.